ನಾಲ್ಕನೆಯ ಸಾಲು

ಬೈತಖೋಲಿನ ಬರ್ಫ್ ಕಾರ್ಖಾನೆಯಲ್ಲಿ
ಚೀಟಿ ಬರೆಯುವವಳು ನಾನು.
ಎದುರಿಗೆ ಕಂಪ್ಯೂಟರು, ಬೆನ್ನಿಗೆ ಗೋಡೆ,
ಗೋಡೆಯಾಚೆ ಉಪ್ಪುನೀರಿನ ತೊಟ್ಟಿ,
ತೊಟ್ಟಿಯೊಳಗೆ ಕುತ್ತಿಗೆವರೆಗೆ ಮುಳುಗಿದ ಕ್ಯಾನುಗಳು,
ಸೊನ್ನೆಗಿಂತ ಒಂಬತ್ತು ಕೆಳಗೆ.

ಪರದೆಯ ಮೇಲಿದ್ದ ಹಸಿರು ಗುಡ್ಡವನ್ನು
ಕಳೆದ ಮಾರ್ಚಿನಲ್ಲಿ ತೆಗೆದೆ.
ಯಾವ ದೇಶದ್ದೋ, ಒಂದು ಗೇರುಮರವೂ ಇರಲಿಲ್ಲ ಅದರಲ್ಲಿ.
ಈಗ ಬರೀ ಕಪ್ಪು. ಬಲಮೂಲೆಯಲ್ಲಿ
ಅರಿಶಿನ ಬಣ್ಣದ ಸಣ್ಣ ಅಕ್ಷರ:

ನೆತ್ತಿ ೬೪
ಕಣ್ಣು ೫೮
ನೆನಪು ೪೧

ಪ್ರೊಸೆಸರು, ಗ್ರಾಫಿಕ್ಸು, ಹಾರ್ಡ್ ಡಿಸ್ಕು.
ಹೆಸರಿಟ್ಟವಳು ನಾನೇ. ಮೂರು ರಾತ್ರಿ ಕೂತು
ಒಂದೇ ಫೈಲಿನಲ್ಲಿ ಸಾಲು ತಿದ್ದಿ, ಕೆಡಿಸಿ, ಮತ್ತೆ ತಿದ್ದಿ,
ಒಂದು ಆವರಣ ಮುಚ್ಚಲು ಮರೆತು
ಎಲ್ಲ ಮಾಯವಾಗಿ, ಅತ್ತು, ಚಹ ಕುಡಿದು, ಮುಚ್ಚಿ.
ಎರಡು ಸೆಕೆಂಡಿಗೊಮ್ಮೆ ಅಂಕಿಗಳು ರೆಪ್ಪೆ ಬಡಿಯುತ್ತವೆ.
ಎಪ್ಪತ್ತೈದು ದಾಟಿದರೆ
ಅರಿಶಿನ ಕುಂಕುಮವಾಗಬೇಕು:
ಅಷ್ಟನ್ನು ಕಲಿಸಿದ್ದೇನೆ.

ಇನ್ನೊಂದು ಸಾಲಿದೆ, ನಾಲ್ಕನೆಯದು.
ಅದರ ತಂತಿ ಯಾವುದಕ್ಕೂ ತಾಗಿಲ್ಲ.
ಆದರೂ ಲೆಕ್ಕ ಒಪ್ಪಿಸುತ್ತದೆ: ಮೈನಸ್ ೬೨.
ಏಪ್ರಿಲ್ ಸೆಕೆಯಲ್ಲಿ, ನಡುಮಧ್ಯಾಹ್ನ,
ಕುರ್ಚಿಗೆ ಬೆನ್ನು ಅಂಟಿಕೊಂಡಾಗಲೂ
ಮೈನಸ್ ೬೨.

ಗಜಾನನ ಉಳ್ವೇಕರ ಮೂವತ್ತು ವರ್ಷದ ಆಪರೇಟರು.
ತೊಟ್ಟಿಯ ಥರ್ಮಾಮೀಟರು ಒಡೆದು ಯಾವ ಕಾಲವಾಯಿತೋ,
ಅಂಗೈ ಮಗುಚಿ, ಕೈಯ ಬೆನ್ನಿಂದ ಕೊಳವೆ ಮುಟ್ಟಿ
‘ಇನ್ನೆರಡು ತಾಸು’ ಅಂದರೆ
ಇನ್ನೆರಡು ತಾಸು.
ಮೊದಲ ಸಲ ನನ್ನ ಪರದೆ ಕಂಡು ಹೌಹಾರಿದ:
‘ಅರವತ್ನಾಲ್ಕಾ? ತೊಟ್ಟಿ ಕುದೀತಾ ಉಂಟನೇ?’
ಓಡಿದ. ನಗುತ್ತ ಮರಳಿದ.
ಕೆಳಗಿನ ಸಾಲಿಗೆ ಬೆರಳಿಟ್ಟು ಕೇಳಿದ:
‘ಇದು ಯಾರ ಪ್ಲಾಂಟು ಮಾರಾಯ್ತಿ?
ಕರೆಂಟು ಬಿಲ್ಲು ಎಷ್ಟು ಬರ್ತದೆ ಅವರಿಗೆ?’

ಮೇ ಮೂವತ್ತರ ರಾತ್ರಿ,
ಮೀನುಗಾರಿಕೆ ಬಂದಾಗಲು ಒಂದೇ ದಿನ.
ದಕ್ಕೆಯಲ್ಲಿ ದೋಣಿಯ ಮೇಲೆ ದೋಣಿ,
ಕಿಟಕಿಯಲ್ಲಿ ಕೈಯ ಮೇಲೆ ಕೈ,
ಪುಡಿ ಮಾಡುವ ಯಂತ್ರದ ಕರಕರ.
ನೆತ್ತಿ ೭೩. ನೆತ್ತಿ ೭೯, ಕುಂಕುಮ.
ನೋಡಿದೆ. ನೋಡುತ್ತಲೇ ಚೀಟಿ ಬರೆದೆ.
೮೮.
ಅಂಕಿ ಗೊತ್ತಿತ್ತು ನನಗೆ,
ಏನು ಮಾಡಬೇಕೆಂಬುದು ಅಂಕಿಯಲ್ಲಿ ಇರಲಿಲ್ಲ.

ಗಜಾನನ ಬಂದು ಪೆಟ್ಟಿಗೆಗೆ ಕೈಯ ಬೆನ್ನು ಒತ್ತಿದ,
ಕಿವಿ ಒತ್ತಿದ. ‘ಉಸಿರು ಕಟ್ಟಿದೆ, ಆರಿಸು.’
ತಿರುಪು ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ
ಉಪ್ಪು, ಧೂಳು, ಗಟ್ಟಿಯಾದ ಬೂದು ಹೆಪ್ಪು;
ನಡುವೆ, ಹೇಗೆ ಬಂತೋ, ಒಂದು ಮೀನಿನ ಹುರುಪೆ
ಟಾರ್ಚಿಗೆ ಹೊಳೆಯಿತು.
ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ
ಕಾಲು ತಾಸು ಉಜ್ಜಿದ. ನಾನು ಪೆನ್ಸಿಲಿನಲ್ಲಿ ಚೀಟಿ ಬರೆದೆ.
ಹಚ್ಚಿದಾಗ ೫೨. ಅರಿಶಿನ.

‘ಇಷ್ಟೆಲ್ಲ ಹೆಸರು ಬರೆದಿದ್ದೀ,
ನನ್ನದೂ ಒಂದು ಹಾಕಲ್ಲ.’

ನಾಲ್ಕನೆಯದನ್ನು ಅಳಿಸಬೇಕೆಂದು ಇದ್ದವಳು
ಅದಕ್ಕೇ ಹೆಸರು ಕೊಟ್ಟೆ:
ಗಜಾನನ ಮೈನಸ್ ೬೨.
ಬಹಳ ಹೊತ್ತು ನೋಡಿದ.
‘ಅಷ್ಟು ತಣ್ಣಗಿಲ್ಲ ನಾನು’ ಅಂದ,
ಆದರೂ ಬರ್ಫ್ ಒಯ್ಯಲು ಬಂದವರನ್ನೆಲ್ಲ ಕರೆದು ತೋರಿಸಿದ.

ಈಗ ಜುಲೈ. ಕಂಪ್ರೆಸರು ನಿಂತಿದೆ.
ತೊಟ್ಟಿಯ ನೀರು ಬರೀ ನೀರಿನ ಹಾಗಿದೆ.
ಗಜಾನನ ಮುದಗಾದಲ್ಲಿ, ಭಾವನ ಬಲೆ ಹೆಣೆಯಲು.
ಸೋಮವಾರಕ್ಕೊಮ್ಮೆ ಬಂದು ಬಾಕಿ ಲೆಕ್ಕ ತೆಗೆಯುತ್ತೇನೆ.
ನೆತ್ತಿ ೩೮, ಕಣ್ಣು ೩೬, ನೆನಪು ೩೪.
ಗಜಾನನ ಇದ್ದಲ್ಲೇ ಇದ್ದಾನೆ.

ಹೊರಡುವ ಮುಂಚೆ
ಕೈ ಮಗುಚಿ ಪೆಟ್ಟಿಗೆಗೆ ಮುಟ್ಟಿಸುತ್ತೇನೆ.
ಓದಲು ಇನ್ನೂ ಬರುವುದಿಲ್ಲ ನನಗೆ.
ಬೆಚ್ಚಗಿದೆ,
ಅಷ್ಟು ಗೊತ್ತಾಗುತ್ತದೆ.